ಸಂಚಿ ದಾರ, ಮರದ ಕಡ್ಡಿ, ಒಂದು ನಿಮಿಷ: ಗರ್ಭಕೋಶದ ಬಾಯಿ ಬಗ್ಗೆ ನನ್ನ ಟಿಪ್ಪಣಿ

ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಅಡಿಕೆ ಸಂಚಿ ನಿಮ್ಮ ಮನೆಯಲ್ಲೂ ಇದ್ದಿರಬೇಕು. ದಾರ ಎಳೆದರೆ ಬಾಯಿ ಸುರುಟಿಕೊಂಡು ಮುಚ್ಚುತ್ತದೆ, ಸಡಿಲ ಬಿಟ್ಟರೆ ಒಳಗಿದ್ದದ್ದೆಲ್ಲ ಉದುರುತ್ತದೆ. ಸರ್ವೈಕಲ್ ಸರ್ಕ್ಲಾಜ್, ಅಂದರೆ ಗರ್ಭ ನಿಲ್ಲಲಿ ಅಂತ ಗರ್ಭಕೋಶದ ಬಾಯಿಗೆ ಹಾಕುವ ಹೊಲಿಗೆ, ಅದನ್ನು ಓದುವ ಮುಂಚೆ ಆ ಸಂಚಿಯನ್ನು ಒಮ್ಮೆ ನೆನಪಿಸಿಕೊಳ್ಳಿ.

ಸರ್ವಿಕ್ಸ್ ಅಂದರೆ ಗರ್ಭಕೋಶದ ಬಾಯಿ. ಒಂಬತ್ತು ತಿಂಗಳು ಬಿಗಿಯಾಗಿ ಮುಚ್ಚಿಕೊಂಡಿದ್ದು, ಹೆರಿಗೆ ಹೊತ್ತಿಗೆ 10 ಸೆಂ.ಮೀ. ತೆರೆದುಕೊಳ್ಳಬೇಕು. ಕೆಲವರಲ್ಲಿ ಅದು ನಾಲ್ಕೈದು ತಿಂಗಳಿಗೇ ಸದ್ದಿಲ್ಲದೆ ತೆರೆದುಬಿಡುತ್ತದೆ. ಮಂಡ್ಯದಲ್ಲಿ ವಾರ್ಡ್ ಪೋಸ್ಟಿಂಗ್ ಇದ್ದಾಗ ಒಬ್ಬರು ಅಕ್ಕ ಹೇಳಿದ ಮಾತನ್ನು ಪುಸ್ತಕದ ಅಂಚಿನಲ್ಲಿ ಹಾಗೇ ಬರೆದಿಟ್ಟಿದ್ದೇನೆ: "ನೋವೂ ಇಲ್ಲ ಏನೂ ಇಲ್ಲ ಕನವ್ವ. ಬಚ್ಚಲಿಗೆ ಅಂತ ಎದ್ದೆ, ಹೊಂಟೇ ಹೋಯ್ತು." ಅದು ಎರಡನೇ ಸಲ. ಎರಡು ಸಲವೂ ಐದು ತಿಂಗಳು ತುಂಬುವ ಹೊತ್ತಿಗೆ. ಹಿಸ್ಟರಿ ತೆಗೆದುಕೊಳ್ಳುವಾಗ "ನೋವಿತ್ತಾ?" ಅನ್ನೋದನ್ನು ಬಿಡಬೇಡಿ. ನೋವಿಲ್ಲದೆ ನಡುತಿಂಗಳಲ್ಲಿ ಗರ್ಭ ಹೋಗಿದ್ದರೆ, ಅದರಲ್ಲೂ ಮತ್ತೆ ಮತ್ತೆ ಹೋಗಿದ್ದರೆ, ಅನುಮಾನ ಮೊದಲು ಈ ಬಾಯಿಯ ಮೇಲೆಯೇ ಬೀಳಬೇಕು.

ಇದಕ್ಕೆ ಹೊಲಿಗೆ ಹಾಕಿ ಹೆಸರಾದವರು ಮುಂಬೈಯ ಡಾ. ವಿಠ್ಠಲ ನಾಗೇಶ ಶಿರೋಡ್ಕರ್. ಹುಟ್ಟಿದ್ದು 1899ರಲ್ಲಿ, ಗೋವಾದಲ್ಲಿ. ಹೈಸ್ಕೂಲು ಓದಿದ್ದು ನಮ್ಮ ಹುಬ್ಬಳ್ಳಿಯಲ್ಲಿ! ಆಮೇಲೆ ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜು. 1955ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಮೊದಮೊದಲು ದಾರಕ್ಕೆ ಬಳಸಿದ್ದು ಏನು ಗೊತ್ತಾ? ಆ ತಾಯಿಯ ತೊಡೆಯಿಂದಲೇ ತೆಗೆದ ಫೇಶಿಯಾ ಲೇಟಾ ಪಟ್ಟಿ, ಅಂದರೆ ಸ್ನಾಯುವಿನ ಮೇಲಿನ ಗಟ್ಟಿ ಪೊರೆ. ನಂತರ ಮರ್ಸಿಲೀನ್ ಅನ್ನುವ ಕೃತಕ ನೂಲಿನ ಟೇಪ್ ಬಂತು. ಗರ್ಭಕೋಶ ಜಾರಿದ ಚಿಕ್ಕವಯಸ್ಸಿನ ಹೆಂಗಸರಿಗೆ, ಗರ್ಭಕೋಶ ತೆಗೆಯದೆ ಅದನ್ನು ಹಿಂದಕ್ಕೆ, ಬೆನ್ನುಮೂಳೆಯ ಬುಡದ ಸೇಕ್ರಮ್ ಮೂಳೆಗೆ ಬಿಗಿದು ನಿಲ್ಲಿಸುವ ಸ್ಲಿಂಗ್ ಆಪರೇಷನ್ನೂ ಅವರದೇ. 1971ರಲ್ಲಿ ಪದ್ಮವಿಭೂಷಣ ಬಂತು, ಅದೇ ವರ್ಷ ತೀರಿಕೊಂಡರು.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಎಲ್ಲರೂ ಎಡವುವುದು ಎರಡು ಹೊಲಿಗೆಗಳ, ಶಿರೋಡ್ಕರ್ ಮತ್ತು ಮೆಕ್‌ಡೊನಾಲ್ಡ್ ನಡುವೆ. ಶಿರೋಡ್ಕರ್ ವಿಧಾನದಲ್ಲಿ ಮುಂದೆ ಸಣ್ಣದಾಗಿ ಕೊಯ್ದು, ಮೂತ್ರಕೋಶವನ್ನು ಮೇಲಕ್ಕೆ ಸರಿಸಿ, ಹಿಂದೆಯೂ ಕೊಯ್ದು, ಟೇಪನ್ನು ಪದರದ ಕೆಳಗೆ ಹೂತು ಸುತ್ತಬೇಕು. ಅದರಿಂದ ಹೊಲಿಗೆ ಎತ್ತರದಲ್ಲಿ, ಒಳಬಾಯಿಯ ಹತ್ತಿರ ಕೂರುತ್ತದೆ. ಆಸ್ಟ್ರೇಲಿಯಾದ ಇಯಾನ್ ಮೆಕ್‌ಡೊನಾಲ್ಡ್ 1957ರಲ್ಲಿ ಹೇಳಿದ್ದು ಮಾತ್ರ ಅಪ್ಪಟ ಸಂಚಿ ದಾರ. ಮೂತ್ರಕೋಶ ಮುಟ್ಟುವ ಹಾಗಿಲ್ಲ. ಸುತ್ತ ನಾಲ್ಕೈದು ಕಡೆ ಸೂಜಿ ಹಾಕಿ ಎಳೆದು ಗಂಟು, ದಾರದ ತುದಿ ಉದ್ದ ಬಿಡುವುದು. ಸುಲಭ ಆದ್ದರಿಂದ ಈಗ ಜಾಸ್ತಿ ಮಾಡುವುದು ಇದನ್ನೇ. ಹಾಗಂತ ಶಿರೋಡ್ಕರ್ ಅನ್ನು ಹಳೇ ಪಾಠ ಅಂತ ಹಾರಿಸಿಬಿಡಬೇಡಿ.

ಸಾಮಾನ್ಯವಾಗಿ ಹೊಲಿಗೆ ಹಾಕುವುದು 12ರಿಂದ 14 ವಾರಕ್ಕೆ, ಮಗು ಚೆನ್ನಾಗಿದೆ ಅಂತ ಸ್ಕ್ಯಾನ್ ಮಾಡಿ ನೋಡಿಕೊಂಡು. ಬಿಚ್ಚುವುದು 36–37 ವಾರಕ್ಕೆ. ಅದಕ್ಕೂ ಮುಂಚೆ ಹೆರಿಗೆ ನೋವು ಶುರುವಾದರೆ ಕಾಯುವಂತಿಲ್ಲ, ತಕ್ಷಣ ಬಿಚ್ಚಬೇಕು. ಇಲ್ಲದಿದ್ದರೆ ಮುಚ್ಚಿದ ಬಾಯಿಯ ಮೇಲೆ ಗರ್ಭಕೋಶ ಒತ್ತಿ ಒತ್ತಿ ಬಾಯಿ ಹರಿಯಬಹುದು, ಗರ್ಭಕೋಶವೇ ಒಡೆಯಬಹುದು. ಹಾಗಾಗಿ ತಾಯಿ ಕಾರ್ಡಿನಲ್ಲಿ "ಹೊಲಿಗೆ ಹಾಕಿದೆ" ಅಂತ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಯಿರಿ. ಹೆರಿಗೆಗೆ ತವರಿಗೆ ಹೋದವರು ರಾತ್ರಿ ಬೇರೆ ಯಾವುದೋ ಆಸ್ಪತ್ರೆಗೆ ಬಂದರೆ, ಅಲ್ಲಿನ ಸಿಸ್ಟರ್‌ಗೆ ಹೇಗೆ ಗೊತ್ತಾಗಬೇಕು? ಹೊಲಿಗೆ ಹಾಕಿದ ಮೇಲೆ ತಿಂಗಳುಗಟ್ಟಲೆ ಮಲಗೇ ಇರಬೇಕು ಅನ್ನುವ ಮಾತು ಊರಲ್ಲಿ ಇನ್ನೂ ಇದೆ. ಅದರಿಂದ ಲಾಭ ಕಂಡುಬಂದಿಲ್ಲ, ಸುಮ್ನೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯ.

ಬಾಯಿ ಸಡಿಲವಾಗಲು ಹಲವು ಕಾರಣ. ಹುಟ್ಟಿನಿಂದ ಬಂದದ್ದಿರಬಹುದು, ಹಿಂದಿನ ಹೆರಿಗೆಯಲ್ಲಿ ಹರಿದದ್ದಿರಬಹುದು. ಇನ್ನೊಂದು ಕಾರಣ ಕೋನ್ ಬಯಾಪ್ಸಿ. ಕ್ಯಾನ್ಸರ್ ಆಗದಿರಲಿ ಅಂತ ಕೆಟ್ಟ ಭಾಗವನ್ನು ಶಂಕುವಿನ ಆಕಾರದಲ್ಲಿ ಕತ್ತರಿಸಿ ತೆಗೆಯುತ್ತಾರಲ್ಲ, ಆಳ ಹೆಚ್ಚಾದರೆ ಬಾಗಿಲೇ ದುರ್ಬಲ. ಒಂದು ಕಾಯಿಲೆಯ ಮದ್ದು ಇನ್ನೊಂದಕ್ಕೆ ದಾರಿ. ನಮ್ಮ ಪುಸ್ತಕದಲ್ಲಿ ಸರ್ಕ್ಲಾಜ್ ಒಂದು ಅಧ್ಯಾಯ, ಗರ್ಭಕಂಠದ, ಅಂದರೆ ಇದೇ ಬಾಯಿಯ, ಕ್ಯಾನ್ಸರ್ ಇನ್ನೊಂದು ಅಧ್ಯಾಯ. ನನಗೆ ಎರಡೂ ತಲೆಗೆ ಹೋದದ್ದು ಒಟ್ಟಿಗೆ ಓದಿದಾಗಲೇ.

ಈಗ ಕ್ಯಾನ್ಸರ್ ಕಡೆ. ಕೆ.ಆರ್.ಎಸ್. ಹಿನ್ನೀರು ನೋಡಿದ್ದೀರಲ್ಲ. ಮಳೆಗಾಲದಲ್ಲಿ ನೀರಿನ ಅಂಚು ಒಂದು ಕಡೆ, ಬೇಸಿಗೆಯಲ್ಲಿ ಇನ್ನೊಂದು ಕಡೆ. ನಡುವೆ ಒಂದು ಪಟ್ಟಿ ಬಯಲಾಗುತ್ತದೆ. ಗರ್ಭಕೋಶದ ಬಾಯಲ್ಲೂ ಒಳಗಿನ ಕೆಂಪು ಪದರ, ಹೊರಗಿನ ಗುಲಾಬಿ ಪದರ ಸೇರುವ ಅಂಚು ವಯಸ್ಸಿನ ಜೊತೆ ಜರುಗುತ್ತದೆ. ಅಂಚು ಜರುಗಿದ ಪಟ್ಟಿಯೇ ಟ್ರಾನ್ಸ್‌ಫಾರ್ಮೇಷನ್ ಝೋನ್. ಎಚ್‌ಪಿವಿ ಅನ್ನುವ, ಈ ಕ್ಯಾನ್ಸರಿಗೆ ಮುಖ್ಯ ಕಾರಣವಾದ ವೈರಸ್ ಮನೆ ಮಾಡಿಕೊಂಡು, ಜೀವಕೋಶ ಕೆಡುವುದು ಹೆಚ್ಚಾಗಿ ಇಲ್ಲೇ.

ಕೆಟ್ಟ ಜೀವಕೋಶವನ್ನು ಮೊದಲೇ ಹಿಡಿಯುವ ಪ್ಯಾಪ್ ಪರೀಕ್ಷೆಗೆ ಹೆಸರು ಕೊಟ್ಟ ಪಾಪನಿಕೊಲಾವ್ ಮೊದಲು ಮಾದರಿ ತೆಗೆಯುತ್ತಿದ್ದದ್ದು ಪಿಪೆಟ್ಟಿನಿಂದ, ಯೋನಿಯಲ್ಲಿ ನಿಂತ ದ್ರವವನ್ನು ಎಳೆದು. 1947ರಲ್ಲಿ ಸ್ತ್ರೀರೋಗ ತಜ್ಞ ಜೆ. ಅರ್ನೆಸ್ಟ್ ಏರ್ ಒಂದು ಮರದ ಕಡ್ಡಿ ತಂದರು. ಐಸ್‌ಕ್ರೀಮ್ ಕಡ್ಡಿಯ ದೊಡ್ಡಣ್ಣ ಅನ್ನಿ. ತುದಿ ನೋಡಿ: ಒಂದು ಬದಿ ಉದ್ದ, ಇನ್ನೊಂದು ಗಿಡ್ಡ. ಉದ್ದದ್ದು ಬಾಯೊಳಗೆ ಹೋಗಿ ನಿಲ್ಲುತ್ತದೆ, ಗಿಡ್ಡದ್ದು ಹೊರಗೆ ತಾಗುತ್ತದೆ. ಒಂದು ಪೂರ್ತಿ ಸುತ್ತು ತಿರುಗಿಸಿದರೆ ಆ ಪಟ್ಟಿಯೇ ಕೆರೆದು ಬರುತ್ತದೆ. ಗಾಜಿನ ಮೇಲೆ ಸವರಿದ ಕೂಡಲೇ ಆಲ್ಕೋಹಾಲಿಗೆ ಹಾಕಿ. ಒಣಗಿದರೆ ಲ್ಯಾಬಿನವರಿಗೆ ಏನೂ ಕಾಣುವುದಿಲ್ಲ.

ಕ್ಯಾಂಪುಗಳಲ್ಲಿ ನಾವು ಮಾಡುವುದು ವಿಐಎ, ಅಂದರೆ ಆಸಿಡ್ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ. 3ರಿಂದ 5 ಶೇಕಡಾ ಅಸಿಟಿಕ್ ಆಸಿಡ್ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುವುದು. ಕೆಟ್ಟ ಜೀವಕೋಶದಲ್ಲಿ ಪ್ರೋಟೀನು ಜಾಸ್ತಿ, ಅದು ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ. ನನ್ನ ಮೊದಲ ಕ್ಯಾಂಪಿನಲ್ಲಿ ಹೊರಗೆ ಕ್ಯೂ ಉದ್ದ ಇತ್ತು. ಇಪ್ಪತ್ತು ಸೆಕೆಂಡಿಗೇ "ನೆಗೆಟಿವ್" ಅಂದೆ. ಸೀನಿಯರ್ ಅಕ್ಕ ಮಾತಾಡಲಿಲ್ಲ, ಟಾರ್ಚ್ ಹಿಡಿದುಕೊಂಡೇ ವಾಚ್ ತೋರಿಸಿದರು. ಮುಳ್ಳು ಸುತ್ತು ಮುಗಿಸುವ ಹೊತ್ತಿಗೆ ಅಂಚಿಗೆ ಅಂಟಿಕೊಂಡು ದಟ್ಟ ಬಿಳಿ ಮಚ್ಚೆ, ಸುಣ್ಣ ಹಚ್ಚಿದ ಹಾಗೆ. ಮಚ್ಚೆ ಅಂಚಿಗೆ ತಾಗಿರಬೇಕು, ಗಡಿ ಸ್ಪಷ್ಟ ಇರಬೇಕು. ಎಲ್ಲೋ ದೂರದ ತೆಳು ಬಿಳುಪನ್ನು ಪಾಸಿಟಿವ್ ಅಂತ ಬರೆದು ಯಾರನ್ನೂ ಹೆದರಿಸಬೇಡಿ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲೂ ಅಲ್ಲ, ಮುಂದಿನ ಪರೀಕ್ಷೆ ಬೇಕು ಅಂತ.

ಷಿಲ್ಲರ್ ಪರೀಕ್ಷೆ ಇದರ ಉಲ್ಟಾ. ಶಾಲೆಯಲ್ಲಿ ಆಲೂಗಡ್ಡೆ ಮೇಲೆ ಅಯೋಡಿನ್ ಬಿಟ್ಟಿದ್ದು ನೆನಪಿದೆಯಾ? ಇಲ್ಲೂ ಹಚ್ಚುವುದು ಅಯೋಡಿನ್ನೇ, ಪಿಷ್ಟದ ಬದಲು ಜೀವಕೋಶ ಕೂಡಿಟ್ಟ ಗ್ಲೈಕೋಜನ್. ಒಳ್ಳೆಯ ಹೊರಪದರ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟದ್ದು ಬಣ್ಣ ಹಿಡಿಯುವುದಿಲ್ಲ.

ಈ ಬಾಯಿಯನ್ನು ದೊಡ್ಡದು ಮಾಡಿ ತೋರಿಸುವ ಕಾಲ್ಪೋಸ್ಕೋಪ್ ಜರ್ಮನಿಯ ಹಿನ್ಸೆಲ್‌ಮನ್ ಅವರದು, 1925. ಆಶ್ವಿಟ್ಜ್ ಶಿಬಿರದಲ್ಲಿ ಬಂದಿ ಹೆಂಗಸರ ಮೇಲೆ ನಡೆದ ಪ್ರಯೋಗಗಳಲ್ಲೂ ಇವರ ಹೆಸರು ಬರುತ್ತದೆ. ಪರೀಕ್ಷೆಗೆ ಅದು ಬೇಡ, ಆದರೆ ಗೊತ್ತಿರಲಿ.

ಕೊನೆಗೊಂದು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಈ ಕ್ಯಾನ್ಸರಿನ ತಪಾಸಣೆ 30ರಿಂದ 65 ವಯಸ್ಸಿನವರಿಗೆ, ಐದು ವರ್ಷಕ್ಕೊಮ್ಮೆ. ಆದರೆ ಮುಟ್ಟು ನಿಂತವರಲ್ಲಿ ಆ ಅಂಚು ಒಳಕ್ಕೆ ಸರಿದಿರುತ್ತದೆ, ಬೇಸಿಗೆಯ ಹಿನ್ನೀರಿನ ಹಾಗೆ. ಎಷ್ಟು ಹೊತ್ತು ಟಾರ್ಚ್ ಹಿಡಿದರೂ ಕಾಣುವುದಿಲ್ಲ. ಅಂಥವರಿಗೆ ವಿಐಎ ನೆಗೆಟಿವ್ ಅಂತ ಬರೆಯಬೇಡಿ. "ಅಂಚು ಕಾಣಲಿಲ್ಲ" ಅಂತ ಬರೆದು ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಗೆ ಕಳಿಸಿ.