ಹಲಗೆಯ ಮೇಲಿನ ಎಲೆ ಮಳೆಗಾಲದಲ್ಲಿ ಏಕೆ ಏಳುತ್ತದೆ?

ಪ್ರಶ್ನೆ: ಹಲಸಿನ ಹಲಗೆಯ ಮೇಲೆ ಅಶ್ವತ್ಥದ ಎಲೆ, ಕಾರವಾರದ ಮರಳು, ಚಿಪ್ಪು ಅಂಟಿಸಿ ಅಕ್ರಿಲಿಕ್ ಬಣ್ಣದಲ್ಲಿ ಚಿತ್ರ ಮಾಡಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈನಲ್ಲಿ ಎಲೆ ಎದ್ದಿತು, ಬೂಷ್ಟು ಬಂತು. ಇನ್ನೆರಡು ಕೈ ವಾರ್ನಿಷ್ ಹೊಡೆದರೆ ಸರಿಹೋಗುತ್ತದೆಯೇ?

ಇಲ್ಲ, ದಯವಿಟ್ಟು ಹೊಡೆಯಬೇಡಿ. ನೀವು ವಾರ್ನಿಷ್ ಹಚ್ಚಿದ್ದು ಮುಂದೆ, ತೇವ ಬಂದದ್ದು ಹಿಂದಿನಿಂದ. ಈಗ ಹೊಡೆದರೆ ಆ ತೇವ ಒಳಗೇ ಉಳಿಯುತ್ತದೆ.

ಮರ ಹಲಗೆಯಾದ ಮೇಲೂ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಅಡ್ಡಕ್ಕೆ ಹಿಗ್ಗುತ್ತದೆ. ನಾರಿನ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಅಲ್ವಾ? ಅದಕ್ಕೂ ಇದೇ ಕಾರಣ. ಮುಖಕ್ಕೆ ಮಾತ್ರ ಬಣ್ಣವಿದ್ದರೆ ಬೆನ್ನು ಹಿಗ್ಗಿ ಹಲಗೆ ಬಾಗುತ್ತದೆ. ಎಲೆ ಅದರ ಜೊತೆ ಹಿಗ್ಗುವುದಿಲ್ಲ. ನಡುವಿನ ಅಂಟು ಬಿಡುತ್ತದೆ.

ಹಾಗಾಗಿ ಚಿತ್ರ ಶುರು ಮಾಡುವ ಮೊದಲೇ ಹಲಗೆಯ ಆರೂ ಮುಖಕ್ಕೆ ಎರಡು ಕೈ ಸೀಲರ್ (ಮರ ತೇವ ಕುಡಿಯದಂತೆ ತಡೆಯುವ ಲೇಪ) ಹಚ್ಚಬೇಕು. ಗರಗಸ ಹಾಕಿದ ಎರಡು ತುದಿಗಳಿಗೆ ಮೂರು ಕೈ ಬೇಕು, ಏಕೆಂದರೆ ಮರ ಜಾಸ್ತಿ ಕುಡಿಯುವುದು ಅಲ್ಲಿಂದಲೇ. ಹಲಸಿಗೆ ಇದು ಇನ್ನೂ ಮುಖ್ಯ. ಅದರ ಮರದ ತಿರುಳಿನಿಂದ ಬಟ್ಟೆಗೆ ಹಳದಿ ಬಣ್ಣ ಕಟ್ಟುತ್ತಾರೆ. ಅದೇ ಹಳದಿ ನಿಮ್ಮ ಬಿಳಿ ಪ್ರೈಮರ್ ಮೇಲೂ ಇಣುಕಬಹುದು. ಹಲಗೆಯಂತೂ ಚೆನ್ನಾಗಿ ಒಣಗಿರಬೇಕು. ಶಿರಸಿ ಕಡೆಯ ಹಳೇ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇದ್ದರೆ ಒಂದು ಮಳೆಗಾಲ ಅಲ್ಲಿಡಿ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇನ್ನು ಮರಳು. ನನ್ನ ಮೊದಲ ಸಮುದ್ರದ ಚಿತ್ರ ಹಾಳಾಗಿದ್ದು ಇದರಿಂದಲೇ. ದಂಡೆಯಿಂದ ತಂದ ಮರಳನ್ನು ಸುಮ್ನೆ ಒಣಗಿಸಿ ಅಂಟಿಸಿದ್ದೆ. ಆಷಾಢದಲ್ಲಿ ಅದರ ಮೇಲೆ ಸಣ್ಣ ಸಣ್ಣ ಹನಿ ಕೂತಿತು. ಗಾಳಿಯ ತೇವ ಶೇ. 75 ದಾಟಿದರೆ ಮರಳಿನಲ್ಲಿ ಉಳಿದ ಉಪ್ಪು ನೀರೆಳೆದು ತಾನೇ ಕರಗತೊಡಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ಇರುವ ದಿನ ಸಿಗುವುದೇ ಕಷ್ಟ. ಈಗ ಮರಳನ್ನೂ ಚಿಪ್ಪನ್ನೂ ಸಿಹಿನೀರಿನಲ್ಲಿ ಐದಾರು ಸಲ ತೊಳೆದು ಬಿಸಿಲಿಗೆ ಹರವುತ್ತೇನೆ. ಹವಳದ ಚೂರು ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಪಾಡುತ್ತದೆ.

ಎಲೆಯ ವಿಷಯಕ್ಕೆ ಬಂದರೆ, ಇಡೀ ಎಲೆಗಿಂತ ಜಾಲರಿ ಎಲೆ ನನಗೆ ಇಷ್ಟ. ಅಶ್ವತ್ಥದ ಎಲೆಯನ್ನು ಎರಡು ಮೂರು ವಾರ ನೀರಲ್ಲಿ ನೆನೆಸಿಡಿ. ಕೊಳೆತ ಹಸಿರು ಭಾಗವನ್ನು ಮೃದುವಾದ ಬ್ರಷ್‌ನಿಂದ ತಳ್ಳಿದರೆ ನರಗಳ ಜಾಲ ಮಾತ್ರ ಉಳಿಯುತ್ತದೆ. ಬೂಷ್ಟಿಗೆ ತಿನ್ನಲು ಹೆಚ್ಚೇನೂ ಇರುವುದಿಲ್ಲ. ಅಂಟು ಆ ಕಣ್ಣುಗಳ ಮೂಲಕ ಇಳಿದು ಹಲಗೆಯನ್ನು ಹಿಡಿಯುತ್ತದೆ. ಮೈದಾ ಅಂಟು ಬೇಡ, ಅದು ಬೂಷ್ಟಿಗೆ ಊಟ. ಅಕ್ರಿಲಿಕ್ ಮೀಡಿಯಂ (ಅಕ್ರಿಲಿಕ್ ಬಣ್ಣಕ್ಕೆ ಬೆರೆಸುವ, ಬಣ್ಣವಿಲ್ಲದ ಅಂಟು) ಅಥವಾ ನೀರು ತಡೆಯುವ ಮರದ ಅಂಟು ಬಳಸಿ.

ಬಣ್ಣಕ್ಕೂ ಇದೇ ಮಾತು. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು ಬಳಸುತ್ತಾರೆ. ಆ ಕೆಂಪು ನಮ್ಮ ಚಿರೇಕಲ್ಲಿನ ಮಣ್ಣಿನದ್ದೇ, ಎಷ್ಟು ಚೆಂದ! ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಮೀಡಿಯಂಗೆ ಬೆರೆಸಿದರೆ ಹಲಗೆಯ ಮೇಲೂ ನಿಲ್ಲುತ್ತದೆ. ಅಕ್ಕಿ ಹಿಟ್ಟು ಮಾತ್ರ ಹಲಗೆಗೆ ಬೇಡ.

ನಿಮ್ಮ ಈಗಿನ ಚಿತ್ರ? ಗೋಡೆಯಿಂದ ಇಳಿಸಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಹೊರಗೆ ಕೂತು, ಒಣ ಬ್ರಷ್‌ನಿಂದ ಬೂಷ್ಟು ಒರೆಸಿ. ನೆರಳಲ್ಲಿ, ಗಾಳಿಯಾಡುವ ಕಡೆ ಒರಗಿಸಿಡಿ. ನೇರ ಬಿಸಿಲಿಗಿಟ್ಟರೆ ಹಲಗೆ ಸೀಳಬಹುದು. ಫೆಬ್ರವರಿ ಹೊತ್ತಿಗೆ ಬೆನ್ನು, ಅಂಚು ಉಜ್ಜಿ ಸೀಲರ್ ಹಚ್ಚಿ, ಎದ್ದ ಎಲೆ ತೆಗೆದು ಹೊಸದು ಅಂಟಿಸಿ. ಕೊನೆಗೆ ಮುಂದಕ್ಕೆ ತೆಳುವಾಗಿ ವಾರ್ನಿಷ್. ಮತ್ತೆ ತೂಗುಹಾಕುವಾಗ ಮಳೆ ಬಡಿಯುವ ಪಡುವಣ ಗೋಡೆ ಬಿಡಿ. ಒಳಗಿನ ಗೋಡೆಗೇ ಹಾಕಿ, ಹಿಂದೆ ನಾಲ್ಕೂ ಮೂಲೆಗೆ ಅರ್ಧ ಇಂಚಿನ ರಬ್ಬರ್ ತುಂಡು ಕೊಡಿ.