ಸಿಸೇರಿಯನ್ ನಂತರದ ನೋವಿಗೆ ಟ್ಯಾಪ್ ಮತ್ತು ಕ್ಯೂಎಲ್ ಬ್ಲಾಕ್: ಅರಿವಳಿಕೆ ಕಲಿಯುತ್ತಿರುವವರಿಗೆ ಟಿಪ್ಪಣಿ

ಸಿಸೇರಿಯನ್ ಆದ ಬಾಣಂತಿಗೆ ಎರಡು ಬಗೆಯ ನೋವು ಇರುತ್ತದೆ. ಒಂದು ಕೊಯ್ದ ಹೊಟ್ಟೆಯ ಗೋಡೆಯದು: ಚರ್ಮ, ಸ್ನಾಯು, ಒಳಪೊರೆ. ಅಡ್ಡ ಕೊಯ್ತದ ಈ ನೋವನ್ನು ಹೊರುವವು ಮುಖ್ಯವಾಗಿ ಬೆನ್ನುಹುರಿಯಿಂದ ಹೊರಡುವ ಟಿ11ರಿಂದ ಎಲ್1ವರೆಗಿನ ನರಗಳು. ಇನ್ನೊಂದು ಗರ್ಭಕೋಶದ್ದೇ ಸೆಳೆತ. ಮಗು ಮೊಲೆ ಹಿಡಿದಾಗ, ಆಕ್ಸಿಟೋಸಿನ್ ಡ್ರಿಪ್ ಓಡುವಾಗ ಅದು ಜೋರಾಗುತ್ತದೆ. ಟ್ಯಾಪ್ ಬ್ಲಾಕ್, ಅಂದರೆ ಹೊಟ್ಟೆಯ ಗೋಡೆಯ ಸ್ನಾಯುಪದರಗಳ ನಡುವೆ ಮರಗಟ್ಟಿಸುವ ಔಷಧಿ ಬಿಡುವುದು, ಮುಟ್ಟುವುದು ಮೊದಲನೆಯದನ್ನು ಮಾತ್ರ. ಇದು ತಲೆಯಲ್ಲಿ ಕೂತರೆ "ಬ್ಲಾಕ್ ಕೊಟ್ಟರೂ ನೋವು ಅಂತಾರೆ" ಎಂಬ ವಾರ್ಡಿನ ದೂರಿನಲ್ಲಿ ಅರ್ಧದಷ್ಟಕ್ಕೆ ಕಾರಣ ತಾನೇ ಗೊತ್ತಾಗುತ್ತದೆ.

ಯಾರಿಗೆ ಕೊಡಬೇಕು?

ಸ್ಪೈನಲ್‌ನಲ್ಲಿ (ಬೆನ್ನಿಗೆ ಚುಚ್ಚುವ ಅರಿವಳಿಕೆ) ಮರಗಟ್ಟಿಸುವ ಔಷಧಿ ಬುಪಿವಕೇನ್ ಜೊತೆ ಸಂರಕ್ಷಕವಿಲ್ಲದ ಮಾರ್ಫಿನ್ 50ರಿಂದ 100 ಮೈಕ್ರೋಗ್ರಾಂ ಹೋಗಿದ್ದರೆ, ಅದರ ಮೇಲೆ ಟ್ಯಾಪ್ ಬ್ಲಾಕ್ ಕೊಟ್ಟು ಸಿಗುವ ಹೆಚ್ಚುವರಿ ಲಾಭ ತೀರಾ ಕಡಿಮೆ. ಮಾರ್ಫಿನ್ ಗರ್ಭಕೋಶದ ನೋವನ್ನೂ ತಗ್ಗಿಸುತ್ತದೆ, ಸುಮಾರು ಒಂದು ದಿನದ ತನಕ ನಿಲ್ಲುತ್ತದೆ. ತುರಿಕೆ, ವಾಂತಿ ಅದರ ಬೆಲೆ. ಹಾಗಾಗಿ ಬ್ಲಾಕಿನ ನಿಜವಾದ ಜಾಗ ಮೂರು ಕಡೆ: ಮಾರ್ಫಿನ್ ಹಾಕದ ಸ್ಪೈನಲ್, ಪೂರ್ಣ ಅರಿವಳಿಕೆಯಲ್ಲಿ ಆದ ತುರ್ತು ಸಿಸೇರಿಯನ್, ಮತ್ತು ಮಾರ್ಫಿನ್ ಕೊಟ್ಟರೂ ಗಾಯದ ನೋವು ಹಿಡಿತಕ್ಕೆ ಬಾರದವರು. ಸಣ್ಣ ಆಸ್ಪತ್ರೆಗಳಲ್ಲಿ ಈ ಮಾರ್ಫಿನ್ ಆಂಪೂಲ್ ಸಿಗುವುದೇ ಕಷ್ಟ. ಅಂಥಲ್ಲಿ ಅಲ್ಟ್ರಾಸೌಂಡ್ ಇದ್ದರೆ ಟ್ಯಾಪ್ ಬ್ಲಾಕ್ ಕಲಿತಿರುವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಟ್ರಾಸೌಂಡೂ ಇಲ್ಲವೇ? ಹೊಲಿಗೆ ಹಾಕುವಾಗ ಸರ್ಜನ್ ಗಾಯದ ಪದರಗಳಿಗೆ ಔಷಧಿ ಚುಚ್ಚುವುದೂ ಒಪ್ಪಿತ ದಾರಿಯೇ. ಅದನ್ನು ಕೀಳಾಗಿ ಕಾಣಬೇಡಿ.

ಸೂಜಿಗಿಂತ ಮೊದಲು ಲೆಕ್ಕ

ಎರಡೂ ಬದಿಗೆ ತಲಾ 20 ಮಿ.ಲೀ. ಎಂದರೆ 40 ಮಿ.ಲೀ. ಔಷಧಿ ಒಂದೇ ಸಲಕ್ಕೆ ಸ್ನಾಯುಗಳ ನಡುವೆ ಸೇರುತ್ತದೆ. ಇದು ಸಣ್ಣ ಗಾತ್ರವಲ್ಲ. ಬುಪಿವಕೇನ್ ಮಿತಿಯನ್ನು ಕಿಲೋಗೆ 2 ಮಿ.ಗ್ರಾಂ, ರೋಪಿವಕೇನ್ ಮಿತಿಯನ್ನು ಕಿಲೋಗೆ 3 ಮಿ.ಗ್ರಾಂ ಎಂದಿಟ್ಟುಕೊಳ್ಳಿ. ತೂಕ ಗರ್ಭಕ್ಕೆ ಮೊದಲಿನದು. ಹೆರಿಗೆ ಹೊತ್ತಿನ ಊತ, ನೀರು ಸೇರಿದ ತೂಕ ಲೆಕ್ಕಕ್ಕೆ ಬೇಡ.

52 ಕಿಲೋ ತಾಯಿಗೆ ಬುಪಿವಕೇನ್ ಮಿತಿ 104 ಮಿ.ಗ್ರಾಂ. 0.25% ದ್ರಾವಣದ 40 ಮಿ.ಲೀ.ಯಲ್ಲಿ 100 ಮಿ.ಗ್ರಾಂ ಇರುತ್ತದೆ. ಅಂಚಿಗೆ ಬಂದೇಬಿಟ್ಟೆವು. ಈಗ ಸರ್ಜನ್ ಗಾಯಕ್ಕೆ ಅದೇ ದ್ರಾವಣ 10 ಮಿ.ಲೀ. ಚುಚ್ಚಿದ್ದರೆ ಇನ್ನೊಂದು 25 ಮಿ.ಗ್ರಾಂ ಸೇರಿ ಮಿತಿ ದಾಟಿತು. ಎಪಿಡ್ಯೂರಲ್ ಮೂಲಕ ಲಿಗ್ನೊಕೇನ್ 2% 20 ಮಿ.ಲೀ. ಹೋಗಿದ್ದರೆ ಆ 400 ಮಿ.ಗ್ರಾಂ ಕೂಡ ಲೆಕ್ಕದಲ್ಲಿರಬೇಕು. ಎರಡು ಬೇರೆ ಔಷಧಿ ಎಂದ ಮಾತ್ರಕ್ಕೆ ವಿಷಪ್ರಭಾವ ಬೇರೆ ಬೇರೆಯಾಗುವುದಿಲ್ಲ, ಕೂಡಿಕೊಳ್ಳುತ್ತದೆ. ಇದೇ ತಾಯಿಗೆ ರೋಪಿವಕೇನ್ 0.2% ತಲಾ 20 ಮಿ.ಲೀ. ಕೊಟ್ಟರೆ ಒಟ್ಟು 80 ಮಿ.ಗ್ರಾಂ, ಮಿತಿ 156. ಸಿಗುವುದಾದರೆ ಇದೇ ಒಳ್ಳೆಯ ಆಯ್ಕೆ. ಬುಪಿವಕೇನ್ ಮಾತ್ರ ಇದ್ದರೆ 0.5% ಪ್ಲೇನ್ ವಯಲ್‌ನಿಂದ 15 ಮಿ.ಲೀ. ತೆಗೆದು 25 ಮಿ.ಲೀ. ಸಲೈನ್ ಬೆರೆಸಿ. 40 ಮಿ.ಲೀ.ಯಲ್ಲಿ 75 ಮಿ.ಗ್ರಾಂ ಆಗುತ್ತದೆ, ಕೈಯಲ್ಲಿ ಅಂತರ ಉಳಿಯುತ್ತದೆ. ಗಾತ್ರ ಇಳಿಸುವುದಕ್ಕಿಂತ ಸಾಂದ್ರತೆ ಇಳಿಸುವುದು ಮೇಲು, ಏಕೆಂದರೆ ಪದರದಲ್ಲಿ ಹರಡಲು ಗಾತ್ರ ಬೇಕು.

ಬಾಣಂತಿಯಲ್ಲಿ ಇಷ್ಟು ಎಚ್ಚರ ಏಕೆ? ಔಷಧಿಯನ್ನು ಕಟ್ಟಿಹಾಕುವ ರಕ್ತದ ಪ್ರೋಟೀನು ಗರ್ಭದಲ್ಲಿ ಕಡಿಮೆಯಾಗಿರುತ್ತದೆ, ಹೃದಯ ಹೆಚ್ಚು ರಕ್ತ ತಳ್ಳುತ್ತಿರುವುದರಿಂದ ಔಷಧಿ ಬೇಗ ರಕ್ತಕ್ಕೆ ಸೇರುತ್ತದೆ. ಸಿಸೇರಿಯನ್ ನಂತರದ ಟ್ಯಾಪ್ ಬ್ಲಾಕಿನಿಂದ ಫಿಟ್ಸ್ ಬಂದ ಪ್ರಕರಣಗಳು ವರದಿಯಾಗಿವೆ.

ಟ್ಯಾಪ್: ಹೇಗೆ ಮಾಡುವುದು

ಇಂಟರ್ನಲ್ ಆಬ್ಲೀಕ್ ಮತ್ತು ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಸ್ನಾಯುಗಳ ನಡುವಿನ ಪದರದಲ್ಲಿ ನರಗಳು ಸಾಗುತ್ತವೆ. ಡ್ರೆಸಿಂಗ್ ಮುಗಿದ ಮೇಲೆ, ಟೇಬಲ್ ಮೇಲೆಯೇ, ಸ್ಪೈನಲ್ ಇನ್ನೂ ಹಿಡಿದಿರುವಾಗ ಮಾಡಿದರೆ ತಾಯಿಗೆ ಚುಚ್ಚಿದ್ದೂ ಗೊತ್ತಾಗದು. ಕೈ, ಚರ್ಮ, ಪ್ರೋಬ್ ಎಲ್ಲಕ್ಕೂ ಸ್ಟೆರೈಲ್ ಕ್ರಮ.

ಹೆಚ್ಚು ಆವರ್ತನದ ಲೀನಿಯರ್ ಪ್ರೋಬ್ ಅನ್ನು ಪಕ್ಕೆಲುಬಿನ ಅಂಚು ಮತ್ತು ಸೊಂಟದ ಮೂಳೆಯ ನಡುವೆ, ಕಂಕುಳಿನ ಮಧ್ಯರೇಖೆಯಲ್ಲಿ ಅಡ್ಡಲಾಗಿಡಿ. ಹಿಗ್ಗಿ ತೆಳುವಾದ ಹೊಟ್ಟೆಯಲ್ಲಿ ಮೂರು ಪದರ ಗುರುತಿಸುವುದೇ ಕಷ್ಟವಾಗಬಹುದು. ಆಗ ಮಧ್ಯದಲ್ಲಿ ರೆಕ್ಟಸ್ ಸ್ನಾಯು ನೋಡಿ, ಅಲ್ಲಿಂದ ಹೊರಕ್ಕೆ ಜಾರಿಸುತ್ತಾ ಬನ್ನಿ. ಮೂರು ಪದರ ಬೇರೆಯಾಗುವುದು ಕಣ್ಣೆದುರೇ ಕಾಣುತ್ತದೆ. ನಡುವಿನದು ಸಾಮಾನ್ಯವಾಗಿ ದಪ್ಪ, ಒಳಗಿನದು ತೆಳು, ಅದರ ಕೆಳಗೆ ಕರುಳು ಅಲುಗಾಡುತ್ತಿರುತ್ತದೆ.

80ರಿಂದ 100 ಮಿ.ಮೀ. ಉದ್ದದ ಮೊಂಡು ತುದಿಯ ಸೂಜಿಯನ್ನು ಪ್ರೋಬಿನ ಮುಂಭಾಗದಿಂದ, ಇಡೀ ಸೂಜಿ ಪರದೆಯಲ್ಲಿ ಕಾಣುವಂತೆ ಒಳಬಿಡಿ. ತುದಿ ಪದರ ಸೇರಿತು ಅನ್ನಿಸಿದಾಗ 1-2 ಮಿ.ಲೀ. ಸಲೈನ್ ಬಿಟ್ಟು ನೋಡಿ. ಪದರ ಬಾದಾಮಿಯಂತೆ ಬಾಯ್ಬಿಟ್ಟರೆ ಜಾಗ ಸರಿ. ಸ್ನಾಯು ಒಳಗೇ ಊದಿ ನಾರು ನಾರಾಗಿ ಕಂಡರೆ ತುದಿ ಸ್ನಾಯುವಿನಲ್ಲಿದೆ: ಒಂದೆರಡು ಮಿಲಿಮೀಟರ್ ಮುಂದೋ ಹಿಂದೋ ಸರಿಸಿ. ಅನುಮಾನದ ಮೇಲೆ ಔಷಧಿ ಬಿಡಬೇಡಿ. ಪ್ರತಿ 5 ಮಿ.ಲೀ.ಗೂ ಹಿಂದಕ್ಕೆಳೆದು ರಕ್ತ ಬರುವುದೇ ನೋಡಿ.

ಔಷಧಿ ಎಷ್ಟು ಹಿಂದಕ್ಕೆ ಬಿದ್ದರೆ ಅಷ್ಟು ಒಳ್ಳೆಯದು. ತೀರಾ ಮುಂದಿಟ್ಟರೆ ಪರಿಣಾಮದ ಅವಧಿ ಕುಗ್ಗುತ್ತದೆ. ಎಲ್1 ನರ ಪದರಕ್ಕೆ ಸೇರುವ ಜಾಗ ಒಬ್ಬೊಬ್ಬರಲ್ಲಿ ಒಂದೊಂದು. ಅದು ತಪ್ಪಿದರೆ ಗಾಯದ ಕೆಳ ಅಂಚಿನಲ್ಲಿ ನೋವು ಉಳಿಯುತ್ತದೆ.

ಕ್ಯೂಎಲ್

ಕ್ವಾಡ್ರಾಟಸ್ ಲಂಬೋರಮ್ ಎಂಬ, ಸೊಂಟದ ಹಿಂಬದಿಯ ಸ್ನಾಯುವಿನ ಸುತ್ತ ಔಷಧಿ ಬಿಡುವ ಈ ಬ್ಲಾಕ್ ಬೆನ್ನುಮೂಳೆಯ ಪಕ್ಕಕ್ಕೆ ಹರಡಿ ಒಳಾಂಗದ ನೋವನ್ನೂ ಸ್ವಲ್ಪ ತಗ್ಗಿಸೀತು ಎಂಬುದು ಆಶಯ. ಆ ಹರಡುವಿಕೆ ಎಲ್ಲರಲ್ಲೂ ಒಂದೇ ಥರ ಆಗುವುದಿಲ್ಲ. ಪಕ್ಕಕ್ಕೆ ತಿರುಗಿಸಬೇಕು, ಆಳ ಹೆಚ್ಚು, ಹಲವರಲ್ಲಿ ಕರ್ವಿಲೀನಿಯರ್ (ಬಾಗಿದ ಮುಖದ) ಪ್ರೋಬ್ ಬೇಕು. ಸೋಆಸ್ ಸ್ನಾಯುವಿನ ಕಡೆಯಿಂದ ಕೊಡುವ ವಿಧಾನದಲ್ಲಿ ತೊಡೆಯ ಬಲ ಕುಗ್ಗಬಹುದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಪಡೆಯುತ್ತಿರುವವರಲ್ಲಿ ಇದನ್ನು ಆಳದ ಬ್ಲಾಕ್ ಎಂದೇ ಪರಿಗಣಿಸಬೇಕು, ಒಳಗೆ ರಕ್ತ ಸುರಿದರೆ ಒತ್ತಿ ನಿಲ್ಲಿಸಲಾಗದು. ಟ್ಯಾಪ್ ಕೈಗೆ ಹತ್ತುವ ತನಕ ಇದಕ್ಕೆ ಕೈ ಹಾಕದಿರುವುದೇ ಲೇಸು.

ಕೆಡುವುದು ಎಲ್ಲಿ

ಔಷಧಿ ಟ್ರಾನ್ಸ್‌ವರ್ಸಸ್ ಸ್ನಾಯುವಿನ ಕೆಳಗೆ ಹೋದರೆ ಅದು ಫೇಶಿಯಾ ಇಲಿಯಾಕ ಎಂಬ ಪೊರೆಯಡಿ ಜಾರಿ ತೊಡೆಯ ಫೆಮೊರಲ್ ನರ ಮುಟ್ಟುತ್ತದೆ. ಸ್ಪೈನಲ್ ಇಳಿದಿದೆ ಎಂದುಕೊಂಡು ಎದ್ದ ತಾಯಿ ಮೊಣಕಾಲು ಮಡಿಚಿ ಬೀಳುತ್ತಾಳೆ, ಕೆಲವೊಮ್ಮೆ ಮಗು ಕೈಯಲ್ಲಿರುತ್ತದೆ. ಮೊದಲ ಸಲ ಏಳಿಸುವ ಮುನ್ನ ಎರಡೂ ಕಾಲುಗಳನ್ನು ಮೊಣಕಾಲಿನಿಂದ ನೇರ ಚಾಚಿಸಿ ನೋಡುವಂತೆ ಸಿಸ್ಟರ್‌ಗೆ ಬರೆದುಕೊಡಿ.

ರಕ್ತದಲ್ಲಿ ಔಷಧಿ ಏರುವುದು ಸುಮಾರು ಅರ್ಧ ಗಂಟೆಗೆ. ಆದ್ದರಿಂದ ಬ್ಲಾಕ್ ಆದ ತಕ್ಷಣ ಮಾನಿಟರ್ ಬಿಚ್ಚಿ ವಾರ್ಡಿಗೆ ಕಳಿಸಬಾರದು, 45 ನಿಮಿಷವಾದರೂ ಕಣ್ಣಿಟ್ಟಿರಬೇಕು. ವಿಷಪ್ರಭಾವದ ಲಕ್ಷಣಗಳು: ತುಟಿ ಜುಮ್ಮೆನ್ನುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್, ತಳಮಳ, ಆಮೇಲೆ ಫಿಟ್ಸ್. ಬಿಪಿ ಇದ್ದ ಬಾಣಂತಿಯಲ್ಲಿ ಇದನ್ನು ಎಕ್ಲಾಂಪ್ಸಿಯಾ (ಗರ್ಭದ ಬಿಪಿಯಿಂದ ಬರುವ ಫಿಟ್ಸ್) ಎಂದು ತಿಳಿದು ಮ್ಯಾಗ್ನೀಸಿಯಂ ಒಂದನ್ನೇ ಹಿಡಿದು ಕೂರುವ ಅಪಾಯವಿದೆ. ಬ್ಲಾಕ್ ಕೊಟ್ಟ ಹೊತ್ತು ಮತ್ತು ಡೋಸ್ ಕೇಸ್‌ಶೀಟಿನಲ್ಲಿ ದಪ್ಪಕ್ಷರದಲ್ಲಿರಲಿ. ಚಿಕಿತ್ಸೆ: ಸಹಾಯಕ್ಕೆ ಕರೆಯಿರಿ, ಆಮ್ಲಜನಕ ಮತ್ತು ಉಸಿರಾಟ ನೋಡಿಕೊಳ್ಳಿ, ಫಿಟ್ಸ್‌ಗೆ ಮಿಡಾಜೊಲಾಂ. ಜೊತೆಗೆ ರಕ್ತನಾಳಕ್ಕೆ 20% ಲಿಪಿಡ್ (ಕೊಬ್ಬಿನ ದ್ರಾವಣ) ಕಿಲೋಗೆ 1.5 ಮಿ.ಲೀ., 2-3 ನಿಮಿಷದಲ್ಲಿ. 52 ಕಿಲೋಗೆ ಸುಮಾರು 80 ಮಿ.ಲೀ. ನಂತರ ನಿಮಿಷಕ್ಕೆ ಕಿಲೋಗೆ 0.25 ಮಿ.ಲೀ.ನಂತೆ ಡ್ರಿಪ್. ಹೃದಯ ನಿಂತರೆ ಸಿಪಿಆರ್, ಅಡ್ರಿನಲಿನ್ ಸಣ್ಣ ಪ್ರಮಾಣದಲ್ಲಿ, ಒಂದು ಸಲಕ್ಕೆ ಕಿಲೋಗೆ 1 ಮೈಕ್ರೋಗ್ರಾಂ ಮೀರದಂತೆ. ಪ್ರೊಪೊಫಾಲ್ ಬೆಳ್ಳಗಿದೆ ಎಂದು ಲಿಪಿಡ್ ಬದಲು ಕೊಡುವಂತಿಲ್ಲ.

ವಾರ್ಡಿನ ಆದೇಶ

ಒಂದು ಸಲದ ಬ್ಲಾಕ್ ಹಲವು ಗಂಟೆ ನಿಲ್ಲುತ್ತದೆ, ಅಷ್ಟೇ. ಪ್ಯಾರಸಿಟಮಾಲ್ 1 ಗ್ರಾಂ 6 ಗಂಟೆಗೊಮ್ಮೆ, ಐಬುಪ್ರೊಫೆನ್ 400 ಮಿ.ಗ್ರಾಂ 8 ಗಂಟೆಗೊಮ್ಮೆ. 50 ಕಿಲೋಗಿಂತ ಹಗುರಾದವರಿಗೆ ಪ್ಯಾರಸಿಟಮಾಲ್ ಕಿಲೋಗೆ 15 ಮಿ.ಗ್ರಾಂ. "ನೋವಿದ್ದರೆ ಕೊಡಿ" ಎಂದಲ್ಲ, ಗಡಿಯಾರ ನೋಡಿ ಕೊಡಬೇಕು. ಗರ್ಭಕೋಶದ ಸೆಳೆತಕ್ಕೆ ಮದ್ದು ಇವೇ. ಕಿಡ್ನಿ ಕೆಟ್ಟಿದ್ದರೆ, ಪ್ಲೇಟ್‌ಲೆಟ್ ಇಳಿದಿದ್ದರೆ, ರಕ್ತಸ್ರಾವ ನಿಂತಿಲ್ಲದಿದ್ದರೆ ಐಬುಪ್ರೊಫೆನ್ ಬೇಡ. ಈ ಯಾವುದಕ್ಕೂ, ಬ್ಲಾಕಿನ ಔಷಧಿಗೂ, ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ.

ಬ್ಲಾಕ್ ಚೆನ್ನಾಗಿ ಕೂತಿದ್ದೂ ನೋವು ಏರುತ್ತಲೇ ಇದ್ದು, ನಾಡಿ ಓಡುತ್ತಿದ್ದು, ಹೊಟ್ಟೆ ಬಿಗಿಯುತ್ತಿದ್ದರೆ ಇನ್ನೊಂದು ಬ್ಲಾಕಿಗೆ ಟ್ರೇ ಸಿದ್ಧಮಾಡಬೇಡಿ. ಒಳಗೆ ರಕ್ತ ಸುರಿಯುತ್ತಿದೆಯೇ ಎಂದು ಮೊದಲು ನೋಡಿ, ಪ್ರಸೂತಿ ವೈದ್ಯರನ್ನು ಕರೆಸಿ.