ಚಿಪ್ಸಿನ ಮಣೆಯ ಓರೆ ಅಲಗು

ಹೋಳಿ ಮುಗಿದು ಬಿಸಿಲು ಏರಿತೆಂದರೆ ಕಲಬುರಗಿಯ ಮಾಳಿಗೆಗಳ ಮೇಲೆ ಹಳೆ ಸೀರೆ, ಧೋತರ ಹಾಸಿ ಆಲೂಗಡ್ಡೆ ಚಿಪ್ಸ್ ಒಣಹಾಕುವ ಕೆಲಸ ಶುರುವಾಗುತ್ತದೆ. ಐದು ಕಿಲೋ ಗಡ್ಡೆಯನ್ನು ಈಳಿಗೆ ಮೇಲೆ ಹೆಚ್ಚುತ್ತ ಕೂತರೆ ಬಿಸಿಲೇ ನೆತ್ತಿಗೆ ಬಂದಿರುತ್ತದೆ. ಮ್ಯಾಂಡೊಲಿನ್ ಸ್ಲೈಸರ್, ಅಂದರೆ ಅಂಗಡಿಗಳಲ್ಲಿ ಚಿಪ್ಸ್ ಮಾಡುವ ಮಣೆ ಎಂದು ಕೇಳಿದರೆ ಸಿಗುವ ಸಾಮಾನು, ಮನೆಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಬೆರಳಿಗೆ ಪಟ್ಟಿ ಸುತ್ತಿಕೊಂಡವರು ಕಾಣುವುದೂ ಇದೇ ದಿನಗಳಲ್ಲೇ. ಏನಾಯ್ತು ಅಂದರೆ ಬರುವ ಉತ್ತರ ಎರಡೇ: "ಬ್ಲೇಡ್ ಭಾಳ ಹರಿತ ಅದರಿ", ಇಲ್ಲವೇ "ಲಕ್ಷ್ಯ ತಪ್ತು ನೋಡ್ರಿ". ಎರಡೂ ಅರ್ಧ ಸತ್ಯ.

ಮೊದಲು ಹರಿತದ ಮಾತು. ಒಳ್ಳೆ ಅಲಗಿನ ಅಂಚು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ದಪ್ಪ ಎಂದು ಲೆಕ್ಕಕ್ಕೆ ಹಿಡಿಯಿರಿ. ಐದು ಸೆಂಟಿಮೀಟರ್ ಅಗಲದ ಗಡ್ಡೆ ಅದಕ್ಕೆ ತಾಗುವ ಜಾಗ ಒಂದು ಚದರ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಒಂದು ಕಿಲೋ ತೂಕದಷ್ಟು ಬಲ ಹಾಕಿದರೂ ಆ ಗೆರೆಯ ಮೇಲೆ ಬೀಳುವ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 2000 ಪಟ್ಟು. ಅಂಚು ಸವೆದು 10 ಮೈಕ್ರಾನ್ ಆಯಿತೆನ್ನಿ, ಅಷ್ಟೇ ಒತ್ತಡಕ್ಕೆ 10 ಕಿಲೋ ಬಲ ಬೇಕು. ಹಗ್ಗ ಜಗ್ಗುವಾಗ ಹಗ್ಗ ಹರಿದರೆ ಜಗ್ಗುವವರೆಲ್ಲ ಬೆನ್ನಡಿಯಾಗಿ ಬೀಳುತ್ತಾರಲ್ಲ, ಹಾಗೆ ಮೊಂಡ ಅಲಗಿನಲ್ಲಿ ಸಿಕ್ಕಿಕೊಂಡ ಗಡ್ಡೆ ಒಮ್ಮೆಲೇ ಬಿಟ್ಟುಕೊಂಡರೆ ಹಿಂದಿದ್ದ ಹತ್ತು ಕಿಲೋ ಬಲವೂ ಕೈಯನ್ನು ಮುಂದಕ್ಕೆ ತಳ್ಳುತ್ತದೆ. ಮೊಂಡ ಮಣೆ ಮಕ್ಕಳ ಕೈಗೂ ಕೊಡಬಹುದು ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ನಿಜವಾದ ಸ್ವಾರಸ್ಯ ಇರುವುದು ಅಲಗಿನ ಓರೆಯಲ್ಲಿ. ಮಣೆಯನ್ನು ತಿರುಗಿಸಿ ನೋಡಿ: ಅಲಗು ಗಡ್ಡೆ ಬರುವ ದಾರಿಗೆ ನೇರ ಅಡ್ಡ ಇರುವುದು ಕಡಿಮೆ. ಒಂದೋ ಓರೆಯಾಗಿರುತ್ತದೆ, ಇಲ್ಲವೇ ಎರಡು ಓರೆ ಅಲಗು ಸೇರಿ ಇಂಗ್ಲಿಷಿನ ವಿ ಅಕ್ಷರದಂತೆ ಇರುತ್ತದೆ. ನಮ್ಮ ರೈತರಿಗೆ ಇದು ಹೊಸದಲ್ಲ. ಜೋಳದ ದಂಟನ್ನು ಕುಡಗೋಲಿನಿಂದ ಯಾರೂ ಕುಟ್ಟುವುದಿಲ್ಲ, ಎಳೆಯುತ್ತಾರೆ. ಕುಡಗೋಲಿನ ಬಾಗು ಇರುವುದೇ ಆ ಎಳೆತಕ್ಕೆ. ಈಳಿಗೆಯ ಬಾಗಿದ ಅಲಗೂ ಅದೇ ಜಾತಿ. ಹೊಸ ನೋಟಿನ ಅಂಚನ್ನು ಬೆರಳಿಗೆ ಒತ್ತಿದರೆ ಏನೂ ಆಗದು, ಸರ್‍ರನೆ ಎಳೆದರೆ ರಕ್ತ ಬರುತ್ತದೆ. 1792ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಗಿಲೊಟಿನ್ ಎಂಬ ತಲೆ ಕತ್ತರಿಸುವ ಯಂತ್ರದ ಅಲಗೂ ಓರೆಯದ್ದೇ. ಅಡುಗೆಮನೆ ಮಾತಿನಲ್ಲಿ ಇದು ಬೇಡದ ನೆನಪು, ಆದರೆ ರೇಖಾಗಣಿತ ಅದೇ.

ಓರೆಯಿಂದ ಎರಡು ಲಾಭ. ಭಾರದ ಬಂಡಿ ದಿಬ್ಬ ಏರುವಾಗ ಎತ್ತುಗಳನ್ನು ನೆಟ್ಟಗೆ ಹೊಡೆಯದೆ ಓರೆಗೆ ಹೊಡೆದರೆ ದಿಬ್ಬದ ಏರು ಕಡಿಮೆಯೆನಿಸುತ್ತದೆ. ಹಾಗೆಯೇ 20 ಡಿಗ್ರಿ ಮಸೆದ ಅಲಗನ್ನು 45 ಡಿಗ್ರಿ ಓರೆಗೆ ಇಟ್ಟರೆ ಗಡ್ಡೆಯ ಪಾಲಿಗೆ ಅದು ಬರೀ 14 ಡಿಗ್ರಿಯ ಅಲಗು. ಎರಡನೆಯದು ಜಾರುವಿಕೆ: ಅದೇ ಓರೆಯಲ್ಲಿ ಗಡ್ಡೆ ಅಲಗಿನೊಳಗೆ ಎಷ್ಟು ಹೋಗುತ್ತದೋ ಅಷ್ಟೇ ದೂರ ಅಲಗಿನುದ್ದಕ್ಕೂ ಸರಿಯುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಮತ್ತು ಜೊತೆಗಾರರು 2012ರಲ್ಲಿ ಅಗರ್ ಜೆಲ್ಲಿಯನ್ನು ತಂತಿಯಿಂದ ಕೊಯ್ದು ಇದನ್ನೇ ಅಳೆದರು. ತಂತಿಯನ್ನು ಬರೀ ಕೆಳಗೆ ಒತ್ತಿದಾಗ ಜೆಲ್ಲಿ ತಗ್ಗಾಗಿ ಬಾಗುತ್ತಿತ್ತು; ಒತ್ತುತ್ತಲೇ ಪಕ್ಕಕ್ಕೂ ಎಳೆದಾಗ ತೀರ ಕಡಿಮೆ ಒತ್ತಿಗೇ ಸೀಳುತ್ತಿತ್ತು. ಮಾಗಿದ ಟೊಮೆಟೊ ವಿ ಅಲಗಿನಲ್ಲಿ ಪಿಚಕ್ಕನೆ ಒಡೆಯದಿರುವುದು ಈ ಕಾರಣಕ್ಕೆ.

ಆದರೆ ಬೆರಳ ತುದಿಯೂ ಮೆತ್ತಗಿನ ವಸ್ತುವೇ. ಟೊಮೆಟೊವನ್ನು ನೋಯಿಸದೆ ಕೊಯ್ಯುವ ಅಲಗು ಬೆರಳನ್ನೂ ನೋಯಿಸದೆ ಕೊಯ್ಯುತ್ತದೆ, ಗೊತ್ತಾಗುವುದು ಆಮೇಲೆ. ಮನುಷ್ಯ ಅಪಾಯ ಕಂಡು ಕೈ ತಡೆಯಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕೈ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅಷ್ಟರಲ್ಲಿ 10 ಸೆಂಟಿಮೀಟರ್ ದಾಟಿರುತ್ತದೆ, ಅಂದರೆ ಅಲಗನ್ನು ದಾಟಿ ಆಚೆ. ಹೊಸ ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದನ್ನು ಮೂಢನಂಬಿಕೆ ಎಂದು ನಗುವವರೇ ಮಣೆಯ ಜೊತೆ ಬರುವ ಗಾರ್ಡ್, ಅಂದರೆ ಗಡ್ಡೆಯನ್ನು ಹಿಡಿದು ಕೈಯನ್ನು ಅಲಗಿನಿಂದ ಕಾಯುವ ಹಿಡಿಕೆಯನ್ನು, ಡಬ್ಬಿಯಲ್ಲೇ ಬಿಟ್ಟು "ನಾ ಹುಷಾರ್ ಇರ್ತೀನಿ" ಎನ್ನುತ್ತಾರೆ. ಎರಡರ ನಡುವೆ ಏನು ಫರಕು?

ಕೊಳ್ಳುವಾಗ ಹಾಗಾಗಿ ಮೊದಲು ನೋಡಬೇಕಾದದ್ದು ಗಾರ್ಡ್. ಗಡ್ಡೆಗೆ ಚುಚ್ಚುವ ಮುಳ್ಳುಗಳಿರಬೇಕು, ಅಂಗೈ ಪೂರ್ತಿ ಮುಚ್ಚುವಷ್ಟು ಅಗಲವಿರಬೇಕು, ಮಣೆಯ ಎರಡೂ ಬದಿಯ ದಂಡೆಗೆ ಕೂತು ಆಚೀಚೆ ಅಲ್ಲಾಡದೆ ಓಡಬೇಕು. ಆಮೇಲೆ ಮಣೆಯನ್ನು ಬೆಳಕಿಗೆ ಹಿಡಿದು ಅಲಗಿಗೂ ಮುಂದಿನ ಹಲಗೆಗೂ ನಡುವಿನ ಸಂದು ನೋಡಿ. ಒಂದು ತುದಿಯಲ್ಲಿ ಕಿರಿದು, ಇನ್ನೊಂದರಲ್ಲಿ ಅಗಲ ಇದ್ದರೆ ಬಿಲ್ಲೆಗಳು ಒಂದು ಬದಿ ತೆಳು, ಒಂದು ಬದಿ ದಪ್ಪ ಬಂದು, ಕರಿಯುವಾಗ ತೆಳು ಬದಿ ಸೀದು ದಪ್ಪ ಬದಿ ಮೆತ್ತಗೇ ಉಳಿಯುತ್ತದೆ. ಹಲಗೆಯ ಮೇಲೆ ಉದ್ದುದ್ದ ಗೀರುಗಳಿರಲಿ: ಗಡ್ಡೆಯ ಹಸಿ ಮುಖ ನುಣುಪು ಹಲಗೆಗೆ ನೀರಿನ ಪದರದಿಂದ ಅಂಟಿಕೊಳ್ಳುತ್ತದೆ, ಗೀರಿದ್ದರೆ ಅಂಟು ಬಿಡುತ್ತದೆ. ಅಡಿಯಲ್ಲಿ ರಬ್ಬರ್ ಕಾಲು, ಬಳಸದಾಗ ಅಲಗು ಮುಚ್ಚುವ ಲಾಕ್ ಇದ್ದರೆ ಮನೆಗೆ ಪ್ಲಾಸ್ಟಿಕ್ ಮಣೆಯೇ ಸಾಕು. ಪೂರ್ತಿ ಸ್ಟೀಲಿನ ಭಾರದ್ದು ಹೋಟೆಲಿನವರಿಗೆ.

ಗಡ್ಡೆಯ ಒಂದು ಬದಿಯನ್ನು ಚಾಕುವಿನಿಂದ ಸಪಾಟು ಮಾಡಿಕೊಳ್ಳಿ, ಇಲ್ಲದಿದ್ದರೆ ಮೊದಲ ಎಳೆತಕ್ಕೇ ಉರುಳುತ್ತದೆ. ಮಣೆಯಡಿ ಹಸಿಬಟ್ಟೆ ಹಾಸಿ, ಹಲಗೆಗೆ ನೀರು ಚಿಮುಕಿಸಿ, ಗಡ್ಡೆಯನ್ನು ಗಾರ್ಡಿಗೆ ಚುಚ್ಚಿ ಒಂದೇ ಸಮನೆ ತಳ್ಳಿ. ಬಲ ಮುಂದಕ್ಕಿರಲಿ, ಕೆಳಕ್ಕಲ್ಲ. ನಡುವೆ ಸಿಕ್ಕಿಕೊಂಡರೆ ಜೋರು ಮಾಡದೆ ಹಿಂದಕ್ಕೆ ಎಳೆದು ಮತ್ತೆ ಬನ್ನಿ. ಕೊನೆಯ ಒಂದೂವರೆ ಸೆಂಟಿಮೀಟರ್ ತುಂಡು ಗಾರ್ಡಿನ ಮುಳ್ಳಲ್ಲೇ ಉಳಿಯುತ್ತದೆ, ಅದರ ಆಸೆ ಬಿಡಿ; ಪಲ್ಯಕ್ಕೆ ಆಗುತ್ತದೆ. ಗಾರ್ಡಿಗೆ ನಿಲ್ಲದ ಉದ್ದನೆ ಗಜ್ಜರಿ, ಸವತಿಕಾಯಿಗೆ ಕೊಯ್ತ ತಡೆಯುವ ಕೈಗವಸು ಹಾಕಿ. ಅದು ಅಲಗಿನ ಸೀಳನ್ನು ತಡೆಯುತ್ತದೆ, ಮೊನೆಯ ಚುಚ್ಚನ್ನಲ್ಲ. ಸಡಿಲವಾದ ಕೈಗವಸಿನ ತುದಿ ಅಲಗಿಗೆ ಸಿಕ್ಕಿದರೆ ಬೆರಳನ್ನೂ ಎಳೆದೊಯ್ಯುತ್ತದೆ.

ದಪ್ಪದ ಲೆಕ್ಕ: ಆಗಲೇ ಕರಿಯುವ ಚಿಪ್ಸಿಗೆ 1ರಿಂದ 1.5 ಮಿಲಿಮೀಟರ್, ಉಳ್ಳಾಗಡ್ಡಿ ಭಜಿಗೆ 2-3, ಒಣಹಾಕುವುದಕ್ಕೆ 2. ನೀರು ಒಳಗಿನಿಂದ ಮೇಲಕ್ಕೆ ಬರಲು ಬೇಕಾದ ಸಮಯ ದಪ್ಪದ ವರ್ಗದಷ್ಟು ಏರುತ್ತದೆ, ದಪ್ಪ ಎರಡು ಪಟ್ಟಾದರೆ ಒಣಗಲು ಸುಮಾರು ನಾಲ್ಕು ಪಟ್ಟು ಹೊತ್ತು. 42 ಡಿಗ್ರಿ ಬಿಸಿಲಿದ್ದರೂ 4 ಮಿಲಿಮೀಟರಿನ ಬಿಲ್ಲೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಡಬ್ಬಿಯಲ್ಲಿ ಬೂಸು ಹಿಡಿಯುವುದು ಇದರಿಂದಲೇ. ಬಿಲ್ಲೆಗಳನ್ನು ನೀರು ತಿಳಿಯಾಗುವವರೆಗೆ ತೊಳೆದು ಉಪ್ಪು ಹಾಕಿದ ಕುದಿನೀರಲ್ಲಿ ಎರಡು ಮೂರು ನಿಮಿಷ ಇಡಬೇಕು. ಕಪ್ಪಾಗಿಸುವ ಕಿಣ್ವ ಅಲ್ಲೇ ಸಾಯುತ್ತದೆ.

ಮಣೆಯನ್ನು ಸೋಪು ನೀರಿನ ಬುಟ್ಟಿಯಲ್ಲಿ ಮುಳುಗಿಸಿಡಬೇಡಿ, ನೊರೆಯಡಿ ಅಲಗು ಕಾಣುವುದಿಲ್ಲ. ಪಿಷ್ಟ ಒಣಗುವ ಮೊದಲೇ ಹರಿಯುವ ನೀರು ಬಿಟ್ಟು, ಬ್ರಶ್ಶನ್ನು ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಎಳೆಯಿರಿ.

ಇಷ್ಟಾದರೂ ಬೆರಳು ಹೋಯಿತೆನ್ನಿ. ಇದು ಸೀಳು ಗಾಯವಲ್ಲ, ಚಿಪ್ಪು ಎದ್ದ ಗಾಯ. ಕೂಡಿಸಲು ಎರಡು ಅಂಚೇ ಇರುವುದಿಲ್ಲ, ಅದಕ್ಕೇ ಬಹಳ ಹೊತ್ತು ಸೋರುತ್ತದೆ. ಅರಿಶಿನ, ಚಹಾಪುಡಿ, ಟೂತ್‌ಪೇಸ್ಟ್ ಬೇಡವೇ ಬೇಡ, ಅವನ್ನೆಲ್ಲ ಆಮೇಲೆ ಗಾಯದೊಳಗಿಂದ ಕೆರೆದು ತೆಗೆಯಬೇಕಾಗುತ್ತದೆ. ಶುದ್ಧ ನೀರಲ್ಲಿ ತೊಳೆದು, ಒಗೆದ ಬಟ್ಟೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಿ ಹದಿನೈದು ನಿಮಿಷ ಕೂರಿ. ನಡುನಡುವೆ ಬಟ್ಟೆ ಎತ್ತಿ ನೋಡಿದರೆ ಆಗಷ್ಟೇ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ, ಗಡಿಯಾರ ಮತ್ತೆ ಮೊದಲಿನಿಂದ. ಆಮೇಲೂ ನಿಲ್ಲದಿದ್ದರೆ, ಬೆರಳ ತುದಿ ಜೋಮು ಹಿಡಿದಂತಿದ್ದರೆ ಆಸ್ಪತ್ರೆಗೆ ಹೋಗಿ. ಟಿಟಿ ಸೂಜಿ ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ದಾರಿಯಲ್ಲೇ ನೆನಪು ಮಾಡಿಕೊಳ್ಳಿ, ಡಾಕ್ಟರು ಅದನ್ನು ಕೇಳಿಯೇ ಕೇಳುತ್ತಾರೆ.